9 ಜನರ ಟೀಮ್‌ಗೆ ಜಿರಾ ಬೇಕಾ, ರೆಡ್‌ಮೈನ್ ಸಾಕಾ?

ಹುಬ್ಬಳ್ಳಿ ಹುಡುಗ:
ನಮಸ್ಕಾರ. ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುವ 9 ಜನರ ಟೀಮ್ ನಮ್ಮದು. ಕೆಲಸದ ಪಟ್ಟಿ ಎಕ್ಸೆಲ್‌ನಲ್ಲಿದೆ, ಬಗ್‌ಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಎರಡು ವಾರದ ಸ್ಪ್ರಿಂಟ್ (ಆ ಅವಧಿಗೆ ಮೊದಲೇ ಗೊತ್ತುಮಾಡಿದ ಕೆಲಸ) ಹಾಕಿಕೊಂಡರೆ, ಯಾವುದೋ ಸಂಘದಿಂದ ಫೋನ್ ಬಂದು ಮೊದಲ ವಾರವೇ ಪ್ಲಾನ್ ಕೆಡುತ್ತದೆ. ಮಾರ್ಚ್ ಕೊನೆಯಲ್ಲಂತೂ ಕೇಳಲೇಬೇಡಿ. ಕೋಡ್ ಗಿಟ್‌ಹಬ್ ಎಂಬ ಆನ್‌ಲೈನ್ ತಾಣದಲ್ಲಿದೆ. ಕೆಲಸ, ಬಗ್‌ಗಳ ಪಟ್ಟಿ ಇಡುವ ಟೂಲ್‌ಗಳಲ್ಲಿ ಜಿರಾ, ರೆಡ್‌ಮೈನ್, ಗಿಟ್‌ಹಬ್ ಪ್ರಾಜೆಕ್ಟ್ಸ್, ಯಾವುದು ಒಳ್ಳೆಯದು?

ಕೋಡ್‌ಕಟ್ಟೆ:
ಜಿರಾ ತಗೊಳ್ಳಿ. 10 ಜನರವರೆಗೆ ಫ್ರೀ. ಸ್ಕ್ರಮ್ (ಸ್ಪ್ರಿಂಟ್ ಲೆಕ್ಕದಲ್ಲಿ ಕೆಲಸ), ಕಾನ್ಬನ್ (ಹಂತಕ್ಕೊಂದು ಕಾಲಂ, ಬಂದಂತೆ ಕೆಲಸ) ಎರಡೂ ಬೋರ್ಡ್ ಇದೆ.

ಮೈಸೂರು ಟೆಸ್ಟರ್:
ಫ್ರೀ ನಿಜ. ಆದರೆ 11ನೆಯವರು ಸೇರಿದ ದಿನ ಎಲ್ಲರ ಲೆಕ್ಕದಲ್ಲೂ ದುಡ್ಡು ಕಟ್ಟಬೇಕು. 9 ಜನ ಇರುವಾಗ ಅದು ದೂರದ ಮಾತಲ್ಲ.

ಹುಬ್ಬಳ್ಳಿಯವರೇ, ನಿಮಗೆ ಸ್ಪ್ರಿಂಟ್ ಹೊಂದುವುದಿಲ್ಲ ಅನಿಸುತ್ತದೆ. ದಿನವೂ ಹೊಸ ಟಿಕೆಟ್ (ಒಂದು ಕೆಲಸ ಅಥವಾ ಬಗ್‌ನ ನಮೂದು) ಬರುವ ಕಡೆ ಕಾನ್ಬನ್ ವಾಸಿ. ಟೆಸ್ಟಿಂಗ್ ಕಾಲಂನಲ್ಲಿ 3ಕ್ಕಿಂತ ಜಾಸ್ತಿ ಟಿಕೆಟ್ ಇರಬಾರದು ಎಂದು ನಿಯಮ ಮಾಡಿ. ತುಂಬಿದ್ದರೆ ಡೆವಲಪರ್ ಹೊಸ ಕೆಲಸ ಮುಟ್ಟಬಾರದು, ಟೆಸ್ಟಿಂಗ್‌ಗೆ ಕೈ ಹಾಕಬೇಕು. ಜಿರಾದಲ್ಲಿ ಮಿತಿ ದಾಟಿದರೆ ಕಾಲಂ ಕೆಂಪಾಗುತ್ತದೆ ಅಷ್ಟೇ, ತಡೆಯುವುದಿಲ್ಲ. ಗಿಟ್‌ಹಬ್‌ನಲ್ಲೂ ಹಾಗೆಯೇ. ತಡೆಯಬೇಕಾದವರು ನೀವೇ. ಟೆಸ್ಟರ್ ಮುಂದೆ ಗುರುವಾರ ಸಂಜೆ ರಾಶಿ ಸುರಿದು ಶುಕ್ರವಾರ ರಿಲೀಸ್ ಅನ್ನುವ ಅಭ್ಯಾಸ ಎಂಥ ಟೂಲ್ ಇದ್ದರೂ ಹೋಗುವುದಿಲ್ಲ.

ಒಂದು ಪ್ರಶ್ನೆ: ಗ್ರಾಹಕರಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡ್ತೀರಾ?

ಹುಬ್ಬಳ್ಳಿ ಹುಡುಗ:
ಹೌದು, ಇಬ್ಬರಿಗೆ ಮಾಡುತ್ತೇವೆ. ತಿಂಗಳ ಕೊನೆಗೆ ಎಲ್ಲರನ್ನೂ ಕೇಳಿ ಕೇಳಿ ಬರೆದುಕೊಳ್ಳುತ್ತೇನೆ ಸರ್.

ಮೈಸೂರು ಟೆಸ್ಟರ್:
ಮೇಡಂ ಅನ್ನಿ ಪರವಾಗಿಲ್ಲ 🙂

ಹಾಗಾದರೆ ನನ್ನ ಓಟು ರೆಡ್‌ಮೈನ್‌ಗೆ. ಗಿಟ್‌ಹಬ್ ಪ್ರಾಜೆಕ್ಟ್ಸ್‌ನಲ್ಲಿ ಗಂಟೆ ಬರೆಯುವ ಸೌಲಭ್ಯವೇ ಇಲ್ಲ. ರೆಡ್‌ಮೈನ್‌ನಲ್ಲಿ ಸೆಟ್ಟಿಂಗ್ ಆನ್ ಮಾಡಿದರೆ, ಕಮಿಟ್ ಮೆಸೇಜ್‌ನಲ್ಲಿ (ಕೋಡ್ ಬದಲಾವಣೆ ಉಳಿಸುವಾಗ ಬರೆಯುವ ಟಿಪ್ಪಣಿ) refs #412 @2 ಎಂದು ಬರೆದರೆ ಸಾಕು, 412ನೇ ಟಿಕೆಟ್‌ಗೆ 2 ಗಂಟೆ ಸೇರುತ್ತದೆ. ಡೆವಲಪರ್‌ಗಳು ಬೇರೆ ಪುಟ ತೆರೆಯಬೇಕಿಲ್ಲ, ಹಾಗಾಗಿ ನಿಜವಾಗಿಯೂ ಬರೆಯುತ್ತಾರೆ!

ತೊಂದರೆಗಳೂ ಇವೆ. ರೆಡ್‌ಮೈನ್ ಅನ್ನು ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬೇಕು. ಅದರಲ್ಲಿ ಕಾನ್ಬನ್ ಬೋರ್ಡ್ ಮೊದಲೇ ಇರುವುದಿಲ್ಲ, ಪ್ಲಗಿನ್ ಹಾಕಬೇಕು. ಗಿಟ್ ರೆಪೊದ (ನಿಮ್ಮ ಕೋಡ್ ಸಂಗ್ರಹದ) ಒಂದು ಪ್ರತಿ ಅದೇ ಸರ್ವರ್‌ನಲ್ಲಿ ಇಟ್ಟು, ಆಗಾಗ ತಾನಾಗೇ ಅಪ್‌ಡೇಟ್ ಆಗುವಂತೆ ಮಾಡಬೇಕು.

ಕೋಡ್‌ಕಟ್ಟೆ:
ಸರ್ವರ್ ನೋಡಿಕೊಳ್ಳಲು ಒಬ್ಬರಿಲ್ಲದಿದ್ದರೆ ಈ ದಾರಿ ಬೇಡ. ಗಂಟೆ ಬರೆಯುವುದು ಜಿರಾದಲ್ಲೂ ಇದೆ.

ಮೈಸೂರು ಟೆಸ್ಟರ್:
ಒಪ್ಪುತ್ತೇನೆ. ಆ ಒಬ್ಬರು ಯಾರು ಅಂತ ಮೊದಲೇ ಹೆಸರು ಗೊತ್ತುಮಾಡಿ. ಬ್ಯಾಕಪ್‌ನಲ್ಲಿ ಡೇಟಾಬೇಸ್ ಜೊತೆ ಫೈಲ್ಸ್ ಫೋಲ್ಡರ್ ಕೂಡ ಸೇರಿಸಲು ಹೇಳಿ. ಟಿಕೆಟ್‌ಗೆ ಹಾಕಿದ ಸ್ಕ್ರೀನ್‌ಶಾಟ್‌ಗಳೆಲ್ಲ ಇರುವುದು ಅಲ್ಲೇ.