ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದದ್ದು ಏಕೆ?

ಪ್ರಶ್ನೆ: 1954ರ ಜನವರಿ 10ರಂದು ರೋಮ್‌ನಿಂದ ಲಂಡನ್‌ಗೆ ಹೊರಟಿದ್ದ ಕಾಮೆಟ್ ಜೆಟ್ ವಿಮಾನ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು 35 ಮಂದಿ ಸತ್ತರು. ನಿಜವಾದ ಕಾರಣ ತಿಳಿಯುವ ಮೊದಲೇ ಹಾರಾಟ ಮತ್ತೆ ಆರಂಭವಾಗಿ, ಏಪ್ರಿಲ್ 8ರಂದು ನೇಪಲ್ಸ್ ಸಮೀಪ ಇನ್ನೊಂದು ವಿಮಾನದಲ್ಲಿದ್ದ 21 ಜನರೂ ಪ್ರಾಣ ಕಳೆದುಕೊಂಡರು. ಇದಕ್ಕೆ ಚೌಕಾಕಾರದ ಕಿಟಕಿಗಳೇ ಕಾರಣ ಎನ್ನುವುದು ಎಷ್ಟು ಸರಿ?

ಉತ್ತರ: ಮೂಲ ಕಾರಣ ಲೋಹದ ದಣಿವು, ಅಂದರೆ ಒತ್ತಡ ಮತ್ತೆ ಮತ್ತೆ ಬಿದ್ದು ಲೋಹ ಬಿರುಕು ಬಿಡುವುದು. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಒಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆಯೇ ಒಳಗಿನ ಒತ್ತಡವನ್ನು ಏರಿಸಿ ಇಳಿಸುತ್ತಾ ಹೋದಾಗ, ಹಿಂದಿನ ಹಾರಾಟಗಳೂ ಸೇರಿ 3,057ನೆಯ ಏರಿಳಿತದ ಹೊತ್ತಿಗೆ ಅದು ಸೀಳಿತು. ಗಾಳಿ ತುಂಬಿದ್ದರೆ ಒಡಲು ಸ್ಫೋಟಿಸಿ ಸುಳಿವೆಲ್ಲ ಚೂರಾಗುತ್ತಿತ್ತು. ನೀರು ಅಷ್ಟಾಗಿ ಸಂಕುಚಿತವಾಗದ ಕಾರಣ ಬಿರುಕಿನ ಜಾಡು ಉಳಿಯಿತು. ಆ ಯೋಚನೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇನ್ನೊಂದು ಉತ್ತರ: ಕಿಟಕಿಯ ಮಾತು ಪೂರ್ತಿ ಸರಿಯಲ್ಲ. ಎಲ್ಬಾ ಬಳಿ ಸಮುದ್ರದಿಂದ ಎತ್ತಿದ ತುಂಡಿನಲ್ಲಿ ಬಿರುಕು ಹುಟ್ಟಿದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಚಾವಣಿಯ ಆಂಟೆನಾ ಕಿಂಡಿಯ ಮೂಲೆಯ ರಿವೆಟ್ ತೂತಿನ ಬಳಿ. ವಿಮಾನ ತಯಾರಿಸಿದ ಕಂಪನಿ ಮೊದಲೇ ಪರೀಕ್ಷೆ ನಡೆಸಿತ್ತು, ನಿಜ. ಆದರೆ ಆ ಮಾದರಿಯನ್ನು ಮುಂಚೆ ಅತಿಯಾದ ಒತ್ತಡಕ್ಕೆ ಒಡ್ಡಿದ್ದರಿಂದ ಮೂಲೆಗಳ ಲೋಹ ಗಟ್ಟಿಯಾಗಿ, ಆಯುಷ್ಯ ಇರುವುದಕ್ಕಿಂತ ಬಹಳ ಹೆಚ್ಚೆಂದು ತೋರಿತು. ನನ್ನ ದೃಷ್ಟಿಯಲ್ಲಿ ಕಿಟಕಿಯ ಆಕಾರಕ್ಕಿಂತ ದೊಡ್ಡ ದುರಂತ ಇದೇ.