ಕಾಲಾ ಘೋಡಾದ ಪ್ಯಾರಿಸ್ ಅಂಗಡಿ: ನಮ್ಮ ಮನೆಯ ಗುಂಪಿನಲ್ಲಿ ಭಾನುವಾರದ ಜಗಳ

ಅನಿಲ (ಮುಂಬೈ): ಮೇಲೆ ಹಾಕಿರುವ ಸುದ್ದಿ ಎಲ್ಲರೂ ಓದಿ. ಪ್ಯಾರಿಸ್‌ನ ಗ್ಯಾಲರೀಸ್ ಲಾಫಾಯೆಟ್ ಅನ್ನುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಈಗ ನಮ್ಮ ಮುಂಬೈಯ ಕಾಲಾ ಘೋಡಾದಲ್ಲಿ! ಐದು ಮಹಡಿ, ಸುಮಾರು 90,000 ಚದರಡಿ. ಟರ್ನರ್ ಮಾರಿಸನ್, ವೋಲ್ಟಾಸ್ ಹೌಸ್ ಅಂತ ಎರಡು ಹಳೇ ಕಟ್ಟಡ ಇವೆಯಲ್ಲ, ಅವನ್ನೇ ಸರಿ ಮಾಡಿ ಅಂಗಡಿ ಮಾಡಿದ್ದಾರೆ. ಬಿರ್ಲಾದವರ ಜೊತೆ ಒಪ್ಪಂದ ಆಗಿದ್ದು 2022ರಲ್ಲಿ. ಬಾಗಿಲು ತೆರೆಯುವ ಹೊತ್ತಿಗೆ 2025 ಮುಗಿಯುತ್ತಾ ಬಂದಿತ್ತು. ದೊಡ್ಡಪ್ಪ, ಈ ಸಲ ಬಂದಾಗ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ದೊಡ್ಡಪ್ಪ: ಓದಿದೆ ಮಗಾ. ಕಟ್ಟಡ ಚೆನ್ನಾಗಿದೆ. ವ್ಯಾಪಾರ ಆಗುತ್ತಾ? ಗಾಂಧಿ ಬಜಾರಿನಲ್ಲಿ 36 ವರ್ಷ ಥಾನು ಹರಿದು ಕೊಟ್ಟವನು ನಾನು. ಒಳಗೆ ಬರುವವರೆಲ್ಲ ಗಿರಾಕಿಗಳಲ್ಲ.

ಶೈಲಾ ಚಿಕ್ಕಮ್ಮ: ಅನಿಲ, ಆ ಸುದ್ದಿಯ ಫೋಟೋದಲ್ಲಿರುವ ಗಾಜಿನ ಗುಮ್ಮಟ ಮುಂಬೈಯದಾ?

ಅನಿಲ (ಮುಂಬೈ): ಅಲ್ಲ ಚಿಕ್ಕಮ್ಮ, ಅದು ಪ್ಯಾರಿಸ್‌ನದು. 1912ರಲ್ಲಿ ಕಟ್ಟಿದ್ದು, 43 ಮೀಟರ್ ಎತ್ತರ. ಅಂಗಡಿ ಶುರುವಾದಾಗ ಇದ್ದದ್ದು ಬರೀ 70 ಚದರ ಮೀಟರ್ ಜಾಗ. ಥಿಯೋಫಿಲ್ ಬಾಡೆರ್, ಆಲ್ಫೋನ್ಸ್ ಕಾಹ್ನ್ ಅಂತ ಇಬ್ಬರು ಸೋದರ ಸಂಬಂಧಿಗಳು, ಆಲ್ಸೇಸ್ ಕಡೆಯವರು. ಗುಂಡಿ, ಲೇಸು, ರಿಬ್ಬನ್ ಮಾರುತ್ತಿದ್ದರು. ಇವತ್ತಿಗೂ ಬಾಡೆರ್ ವಂಶದವರ ಕೈಯಲ್ಲೇ ಇದೆ. ದೊಡ್ಡಪ್ಪ ಮತ್ತು ಸೀನಣ್ಣ ಶುರು ಮಾಡಿದ ಅಂಗಡಿಯ ಹಾಗೇ ಅಲ್ವಾ?

ಪ್ರಸಾದ್ ಭಾವ: ಸಂಬಂಧ ಚೆನ್ನಾಗಿದೆ, ಲೆಕ್ಕ ನೋಡೋಣ. 2,500 ರೂಪಾಯಿ ದಾಟಿದ ಬಟ್ಟೆಗೆ ಈಗ ಜಿಎಸ್‌ಟಿ 18%. ಹೊರಗಿಂದ ಬಂದ ಮಾಲಾದರೆ ಅದಕ್ಕೂ ಮೊದಲೇ ಕಸ್ಟಮ್ಸ್ ಸುಂಕ ಕೂತಿರುತ್ತದೆ. ಮುಂಬೈ ಅಂಗಡಿಯಲ್ಲಿ ಸಿಗುವ ಬ್ಯಾಗನ್ನೇ ಪ್ಯಾರಿಸ್‌ನಲ್ಲಿ ಕೊಂಡರೆ, ಬಿಲ್ಲು 100 ಯುರೋ ದಾಟಿದರೆ ಪ್ರವಾಸಿಗಳಿಗೆ ಅಲ್ಲಿನ ತೆರಿಗೆಯಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಇಂಥ ಬ್ಯಾಗು ಕೊಳ್ಳುವಷ್ಟು ದುಡ್ಡಿರುವವರು ವರ್ಷಕ್ಕೆ ಎರಡು ಸಲ ಹೊರದೇಶಕ್ಕೆ ಹೋಗುತ್ತಾರೆ. ಅವರು ಮುಂಬೈಯಲ್ಲಿ ಯಾಕೆ ಕೊಳ್ಳಬೇಕು?

ಅನಿಲ (ಮುಂಬೈ): ಭಾವ, ಎಲ್ಲರೂ ಹೋಗೋದಿಲ್ಲ. ಮದುವೆ ಹದಿನೈದು ದಿನ ಇದೆ ಅನ್ನುವಾಗ ಯಾರು ವಿಮಾನ ಹತ್ತುತ್ತಾರೆ? ದುಬೈಯಲ್ಲಿ 2009ರಲ್ಲಿ ತೆರೆದರು, ಜಕಾರ್ತಾದಲ್ಲಿ 2013ರಲ್ಲಿ. ಎರಡೂ ಹತ್ತು ವರ್ಷಕ್ಕಿಂತ ಜಾಸ್ತಿ ನಡೆದಿವೆ. ನಮ್ಮಲ್ಲಿ ಮಾತ್ರ ಯಾಕೆ ನಡೆಯಬಾರದು? ಒಳ್ಳೇದು ಏನೇ ಬಂದರೂ ಈ ಗುಂಪಿನಲ್ಲಿ ಮೊದಲು ತಪ್ಪೇ ಹುಡುಕುತ್ತೀರಿ.

ಸುಷ್ಮಾ ಅಕ್ಕ (ಬರ್ಲಿನ್): ಬೇಜಾರು ಮಾಡ್ಕೋಬೇಡ ಕಣೋ. ನಮ್ಮೂರಲ್ಲಿ ಆಗಿದ್ದು ಹೇಳುತ್ತೇನೆ. ಇಲ್ಲಿ ಫ್ರೀಡ್ರಿಖ್‌ಸ್ಟ್ರಾಸೆಯಲ್ಲಿ 1996ರಿಂದ ಇವರದೇ ಅಂಗಡಿ ಇತ್ತು. ಜಾನ್ ನುವೆಲ್ ಅನ್ನುವ ಫ್ರೆಂಚ್ ವಾಸ್ತುಶಿಲ್ಪಿ ಮಾಡಿದ ಕಟ್ಟಡ, ನಡುವೆ ಗಾಜಿನ ಕೋನು, ನೋಡಿದರೆ ತಲೆ ತಿರುಗುತ್ತದೆ. ನೆಲಮಾಳಿಗೆಯಲ್ಲಿ ತಿಂಡಿ, ಚೀಸ್. ಅಮ್ಮ ಬಂದಿದ್ದಾಗ ಅಲ್ಲೇ ಕೂರಿಸಿ ಕಾಫಿ ಕುಡಿಸಿದ್ದೆ. 2024ರ ಜುಲೈನಲ್ಲಿ ಮುಚ್ಚಿಬಿಟ್ಟರು. ನೋಡಲು ಬರುವವರು ಬಂದೇ ಬರುತ್ತಿದ್ದರು, ಆದರೆ ಆ ಬೀದಿಯಲ್ಲಿ ವ್ಯಾಪಾರವೇ ಇಳಿದುಹೋಗಿತ್ತು. ಆ ಜಾಗಕ್ಕೆ ನಗರದ ಲೈಬ್ರರಿ ತರಬೇಕು ಅಂತಲೂ ಇಲ್ಲಿ ದೊಡ್ಡ ಚರ್ಚೆ ನಡೆಯಿತು.

ದೊಡ್ಡಪ್ಪ: ನೋಡಿದೆಯಾ ಅನಿಲ.

ಸುಷ್ಮಾ ಅಕ್ಕ (ಬರ್ಲಿನ್): ತಡೀರಿ ದೊಡ್ಡಪ್ಪ, ನಾನು ನಿಮ್ಮ ಕಡೆಯೂ ಇಲ್ಲ. ಬರ್ಲಿನ್ ಅಂಗಡಿಯನ್ನು ಪ್ಯಾರಿಸ್‌ನವರೇ ನಡೆಸುತ್ತಿದ್ದರು. ನ್ಯೂಯಾರ್ಕ್‌ನದೂ ಅವರದೇ. 1991ರಲ್ಲಿ ಟ್ರಂಪ್ ಟವರ್ ಪಕ್ಕ ತೆರೆದು 1994ರಲ್ಲಿ ಮುಚ್ಚಿದರು, ಮೂರೇ ವರ್ಷ. ಅನಿಲ ಹೇಳಿದ ಜಕಾರ್ತಾದಲ್ಲಿ ನಡೆಸುವವರು ಅಲ್ಲಿಯ ಕಂಪನಿಯವರು. ದೋಹಾದಲ್ಲೂ ಹಾಗೇ. ಈಗ ಮುಂಬೈಯಲ್ಲಿ ಬಿರ್ಲಾದವರು. ಅಂದರೆ ಪ್ಯಾರಿಸ್‌ನವರು ಹೊರಗೆ ಹೋಗುವ ದಾರಿಯನ್ನೇ ಬದಲಾಯಿಸಿದ್ದಾರೆ. ಹೆಸರು ಕೊಡುತ್ತಾರೆ, ಅಂಗಡಿ ಹೇಗಿರಬೇಕು ಅಂತ ಹೇಳಿಕೊಡುತ್ತಾರೆ. ಬಾಡಿಗೆ, ಸಂಬಳ, ಮಾಲು ಎಲ್ಲ ಆಯಾ ಊರಿನ ಕಂಪನಿಯವರ ಹೊಣೆ.

ಪ್ರಸಾದ್ ಭಾವ: ಇದು ಸರಿಯಾದ ಮಾತು. ನಮ್ಮ ಕಾನೂನೂ ಅವರನ್ನು ಆ ದಾರಿಗೇ ತಳ್ಳುತ್ತದೆ. ಹಲವು ಬ್ರ್ಯಾಂಡು ಇಟ್ಟು ಮಾರುವ ಅಂಗಡಿಯಲ್ಲಿ ವಿದೇಶಿಯರ ಪಾಲು 51% ದಾಟುವ ಹಾಗಿಲ್ಲ. 2012ರಲ್ಲಿ ಅಷ್ಟು ಬಿಟ್ಟರು, ಅದಕ್ಕೂ ರಾಜ್ಯ ಒಪ್ಪಬೇಕು, ಮೇಲೆ ಹತ್ತೆಂಟು ಷರತ್ತು. ಫ್ರಾನ್ಸಿನ ಸೂಪರ್‌ಮಾರ್ಕೆಟ್ ಕಂಪನಿ ಕಾರ್‌ಫೋರ್ 2010ರಲ್ಲಿ ಸಗಟು ಅಂಗಡಿ ತೆರೆದು 2014ರಲ್ಲಿ ಹೊರಟೇ ಹೋಯಿತು. ಬಿರ್ಲಾದವರಿಗಾದರೆ ಬಟ್ಟೆ ವ್ಯಾಪಾರ ಹೊಸದಲ್ಲ. ನಾವೆಲ್ಲ ಹಾಕುವ ಲೂಯಿ ಫಿಲಿಪ್, ಪೀಟರ್ ಇಂಗ್ಲೆಂಡ್ ಅದೇ ಗುಂಪಿನವು, ಬೆಂಗಳೂರಿನಿಂದಲೇ ನಡೆಯುತ್ತವೆ.

ದೊಡ್ಡಪ್ಪ: ಸುಷ್ಮಾ ಹೇಳಿದ್ದು ನನ್ನ ಎದೆಗೇ ತಾಗಿತು. ನಿಮಗೆ ಯಾರಿಗೂ ನೆನಪಿರಲಾರದು, ನಾನೂ ಒಮ್ಮೆ ಒಂದು ದೊಡ್ಡ ಶರ್ಟ್ ಕಂಪನಿಯ ಏಜೆನ್ಸಿ ತೆಗೆದುಕೊಂಡಿದ್ದೆ. ಡಿಪಾಸಿಟ್ ಕಟ್ಟಿಸಿಕೊಂಡರು. ಗೋಡೆಗೆ ಇಂಥದೇ ಬಣ್ಣ ಅಂದರು, ಗಾಜಿನ ಬಾಗಿಲು ಹಾಕಿಸಿದರು, ಚೌಕಾಸಿ ಕೂಡದು ಅಂದರು. ಹಳೇ ಗಿರಾಕಿಗಳು ಗಾಜಿನ ಬಾಗಿಲು ನೋಡಿ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿ ವಾಪಸ್ ಹೋದರು. ಎರಡು ದೀಪಾವಳಿ ಕಳೆಯಿತು. ಮಾರಾಟವಾಗದ ಮಾಲನ್ನು ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ. ನಿಮ್ಮ ದೊಡ್ಡಮ್ಮನ ಎರಡು ಬಳೆ ಹೋಯಿತು. ಬೋರ್ಡ್ ಮೇಲೆ ಅವರ ಹೆಸರು, ನಷ್ಟದ ಪುಸ್ತಕದಲ್ಲಿ ನನ್ನ ಹೆಸರು. ಅದಕ್ಕೇ ಕೇಳುತ್ತಿದ್ದೇನೆ. ಸುಮ್ನೆ ತಪ್ಪು ಹುಡುಕುತ್ತಿಲ್ಲ ಕಣೋ.

ಅನಿಲ (ಮುಂಬೈ): ನನಗೆ ಗೊತ್ತಿರಲಿಲ್ಲ ದೊಡ್ಡಪ್ಪ.

ಶೈಲಾ ಚಿಕ್ಕಮ್ಮ: ಬಳೆಯ ವಿಷಯ ನನಗೆ ಗೊತ್ತಿತ್ತು. ಅಕ್ಕ ಯಾರಿಗೂ ಹೇಳಬೇಡ ಅಂದಿದ್ದಳು.

ಶೈಲಾ ಚಿಕ್ಕಮ್ಮ: ನನ್ನ ಬೇಸರ ಬೇರೆ. ಮುಂಬೈಯ ಕಸೂತಿ ಕೆಲಸಗಾರರು ಪ್ಯಾರಿಸ್‌ನ ದೊಡ್ಡ ದೊಡ್ಡ ಹೆಸರುಗಳಿಗೆ ಎಷ್ಟೋ ವರ್ಷದಿಂದ ದುಡಿಯುತ್ತಿದ್ದಾರೆ. ಡಿಯೋರ್‌ನವರು 2023ರಲ್ಲಿ ಗೇಟ್‌ವೇ ಆಫ್ ಇಂಡಿಯಾ ಮುಂದೆ ಶೋ ಮಾಡಿದರಲ್ಲ, ಅದರ ಕಸೂತಿಯನ್ನು ಮುಂಬೈಯ ಚಾಣಕ್ಯ ಅನ್ನುವ ಸಂಸ್ಥೆಯಲ್ಲೇ ಮಾಡಿದ್ದು. ನಮ್ಮ ಕೈಯ ಹೊಲಿಗೆ ಅಲ್ಲಿಗೆ ಹೋಗಿ, ಲೇಬಲ್ ಅಂಟಿಸಿಕೊಂಡು, ಸುಂಕ ಕಟ್ಟಿ ಅದೇ ಊರಿಗೆ ವಾಪಸ್ ಬರಬೇಕಾ? ಅಷ್ಟು ದೊಡ್ಡ ಅಂಗಡಿಯಲ್ಲಿ ಒಂದು ಇಳಕಲ್ ಸೀರೆಗೆ ಜಾಗ ಇದೆಯಾ ನೋಡು.

ಅನಿಲ (ಮುಂಬೈ): ನೋಡುತ್ತೇನೆ ಚಿಕ್ಕಮ್ಮ. ಆದರೆ ಒಂದು ಮಾತು. ಆ ಕಟ್ಟಡಗಳ ಮುಂದೆ ನಾನು ಆರು ವರ್ಷದಿಂದ ಆಫೀಸಿಗೆ ಓಡಾಡುತ್ತಿದ್ದೇನೆ. ಮುಂಬೈಯಲ್ಲಿ ಹಳೇ ಕಟ್ಟಡ ಅಂದರೆ ಕೆಡವಿ ಟವರ್ ಎಬ್ಬಿಸುತ್ತಾರೆ. ಇಲ್ಲಿ ಕಲ್ಲು ಉಳಿಸಿದ್ದಾರೆ. ವ್ಯಾಪಾರ ಬಿದ್ದುಹೋದರೂ ಕಟ್ಟಡ ಉಳಿಯುತ್ತದೆ. ನನ್ನ ಖುಷಿ ಅದಕ್ಕೆ, ಅದು ಸುಳ್ಳಲ್ಲ.

ಸುಷ್ಮಾ ಅಕ್ಕ (ಬರ್ಲಿನ್): ಅದನ್ನು ಒಪ್ಪುತ್ತೇನೆ. ನನ್ನ ಭಯ ಅಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರದು. ಇಲ್ಲಿ ಮುಚ್ಚುವಾಗ ಹೆಡ್‌ಲೈನ್‌ನಲ್ಲೆಲ್ಲ ಕಟ್ಟಡದ ಮಾತೇ ಇತ್ತು. ಕೌಂಟರಿನಲ್ಲಿ ನಿಲ್ಲುತ್ತಿದ್ದ ಹೆಂಗಸರನ್ನು ಕೇಳಿದವರು ಕಡಿಮೆ.

ದೊಡ್ಡಪ್ಪ: ಅನಿಲ, ಒಂದು ಕೆಲಸ ಮಾಡು. ಶನಿವಾರ, ಭಾನುವಾರ ಹೋಗಬೇಡ, ಆಗ ಎಲ್ಲ ಅಂಗಡಿಯೂ ತುಂಬಿರುತ್ತದೆ. ಮಂಗಳವಾರ ಸಂಜೆ ಹೋಗು. ಬಾಗಿಲ ಎದುರು ಅರ್ಧ ಗಂಟೆ ನಿಂತುಕೋ. ಒಳಗೆ ಹೋಗುವವರನ್ನು ಎಣಿಸಬೇಡ. ಕೈಯಲ್ಲಿ ಚೀಲ ಹಿಡಿದು ಹೊರಗೆ ಬರುವವರನ್ನು ಮಾತ್ರ ಎಣಿಸು. ಹಾಗೇ ಕೌಂಟರಿನವರಿಗೆ ಕೂರಲು ಸ್ಟೂಲು ಇಟ್ಟಿದ್ದಾರಾ ನೋಡು.

ಅನಿಲ (ಮುಂಬೈ): ಮಂಗಳವಾರ ಆರೂವರೆಗೆ ಹೋಗುತ್ತೇನೆ. ಎಣಿಸಿ ನಿಮಗೇ ಫೋನ್ ಮಾಡುತ್ತೇನೆ ದೊಡ್ಡಪ್ಪ.

ಶೈಲಾ ಚಿಕ್ಕಮ್ಮ: ಇಳಕಲ್ ಸೀರೆ ಮರೀಬೇಡ.