ಗಾಳದ ದಾರ ಸುತ್ತುವ ರೀಲ್ ಕರಕರ ಅಂತಿದೆ, ಕುಸುಬಿ ಎಣ್ಣೆ ಬಿಟ್ಟೆ, ಈಗ ಅಂಟಾಗಿದೆ. ಹೇಗೆ ತೊಳೆಯಲಿ?

ಹಿನ್ನೀರ ಗಾಳ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ನವನಗರದವನು. ಎರಡು ವರ್ಷದಿಂದ ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕುತ್ತೇನೆ, ಹೆಚ್ಚಾಗಿ ಭಾನುವಾರ ಬೆಳಗ್ಗೆ. ನನ್ನದು 3000 ಸೈಜಿನ ಸ್ಪಿನ್ನಿಂಗ್ ರೀಲ್. ಈ ಸಲ ಮಳೆಗಾಲದಲ್ಲಿ ನೀರು ಪೂರ್ತಿ ರಾಡಿ ಇದ್ದಾಗಲೂ ಬಿಡದೆ ಹೋಗಿದ್ದೆ, ಒಂದು ಸಲ ರಾಡ್ ಸಮೇತ ದಂಡೆಯ ಕೆಸರಿನಲ್ಲಿ ಬಿತ್ತು. ಅಲ್ಲಿಂದ ಹಿಡಿಕೆ ತಿರುಗಿಸಿದರೆ ಕರಕರ ಸದ್ದು.

ಮನೆಯಲ್ಲಿ ಬೇರೆ ಎಣ್ಣೆ ಇರಲಿಲ್ಲ. ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದು ಕಾಣುವ ಕಡೆಯೆಲ್ಲ ಎರಡೆರಡು ಹನಿ ಬಿಟ್ಟೆ. ಆವತ್ತು ಚೆನ್ನಾಗಿ ತಿರುಗಿತು. ಆಮೇಲೆ ಎರಡು ತಿಂಗಳು ರೀಲ್ ಮುಟ್ಟಲು ಆಗಲಿಲ್ಲ. ಈಗ ತೆಗೆದು ನೋಡಿದರೆ ಬೆಲ್ಲದ ಪಾಕದಲ್ಲಿ ಕೈ ಆಡಿಸಿದ ಹಾಗೆ ಅಂಟಂಟು, ಕರಕರ ಮಾತ್ರ ಹಾಗೇ ಇದೆ. ಇಡೀ ರೀಲ್ ಪೆಟ್ರೋಲಿನಲ್ಲಿ ಮುಳುಗಿಸು ಅಂತ ಗೆಳೆಯ ಹೇಳುತ್ತಾನೆ. ಮಾಡಲಾ? ಬೇರಿಂಗ್‌ಗೆ ಯಾವ ಎಣ್ಣೆ, ಗೇರ್‌ಗೆ ಯಾವ ಗ್ರೀಸ್? ಗೊತ್ತಿದ್ದವರು ದಯವಿಟ್ಟು ಹೇಳಿ, ದುಡ್ಡು ಕೂಡಿಸಿ ತಗೊಂಡ ರೀಲ್ ಇದು.

ಮಗ್ಗದ ಫಿಟ್ಟರ್, ಬನಹಟ್ಟಿ

ತಮ್ಮಾ, ಮೊದಲು ಆ ಪೆಟ್ರೋಲ್ ದೂರ ಇಡು. ದಾರ ಸುತ್ತಿಕೊಳ್ಳುವ ಸ್ಪೂಲ್ ಒಳಗೆ, ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬ್ರೇಕ್, ಅಂದರೆ ಡ್ರ್ಯಾಗ್‌ನ ಫೆಲ್ಟ್ ವಾಷರ್ ಇರುತ್ತದೆ, ಅದು ಪೆಟ್ರೋಲ್ ಕುಡಿದರೆ ಹಚ್ಚಿದ ಗ್ರೀಸೆಲ್ಲ ಹೋಗಿ ಡ್ರ್ಯಾಗ್ ಜಗ್ಗಿ ಜಗ್ಗಿ ಬಿಡಲು ಶುರು ಮಾಡುತ್ತದೆ. ರಬ್ಬರ್ ಸೀಲ್ ಇದ್ದರೆ ಅದೂ ಉಬ್ಬುತ್ತದೆ. ಅದಕ್ಕಿಂತ ಹೆಚ್ಚಾಗಿ, ಮನೆಯೊಳಗೆ ಪೆಟ್ರೋಲ್ ಬಟ್ಟಲು ಇಟ್ಟುಕೊಂಡು ಕೂರುವುದು ಬೇಡವೇ ಬೇಡ.

ನಾನು ಪವರ್‌ಲೂಮ್ ರಿಪೇರಿ ಮಾಡಿಕೊಂಡು ಬಂದವನು, ಎಣ್ಣೆ ತಪ್ಪಿದರೆ ಏನಾಗುತ್ತದೆ ಅಂತ ದಿನಾ ನೋಡುತ್ತೇನೆ. ಅಗಸಿ ಎಣ್ಣೆಯನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರೆ ಒಣಗಿ ಪದರ ಕಟ್ಟುತ್ತದಲ್ಲ, ಕುಸುಬಿ ಎಣ್ಣೆಯೂ ಅದೇ ಜಾತಿ. ಗಾಳಿ ತಾಗುತ್ತಾ ಹೋದಂತೆ ಗೋಂದಿನ ಹಾಗೆ ಆಗುತ್ತದೆ. ಬಣ್ಣ ಮಾಡುವವರಿಗೆ ಬೇಕಾದ ಗುಣ ಅದು, ಬೇರಿಂಗ್‌ಗೆ ವೈರಿ. ಕೊಬ್ಬರಿ ಎಣ್ಣೆ ಬಿಡೋಣ ಅಂದುಕೊಂಡಿದ್ದರೆ ಅದೂ ಬೇಡ, 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್ ಬೆಳಗಿನ ಚಳಿ ನಿನಗೇ ಗೊತ್ತು.

ಬಿಚ್ಚುವ ಮುಂಚೆ ಸದ್ದು ಎಲ್ಲಿಂದ ಅಂತ ಹುಡುಕು. ದಾರ ಇಲ್ಲದೆ ಸುಮ್ನೆ ಹಿಡಿಕೆ ತಿರುಗಿಸು. ಆಮೇಲೆ ದಾರದ ತುದಿಯನ್ನು ಯಾರಾದರೂ ಸ್ವಲ್ಪ ಬಿಗಿ ಹಿಡಿದಿರಲಿ, ನೀನು ಸುತ್ತು. ಭಾರ ಬಿದ್ದಾಗ ಮಾತ್ರ ಕರಕರ ಜಾಸ್ತಿ ಆದರೆ ಮೊದಲು ಲೈನ್ ರೋಲರ್ ನೋಡು, ಅಂದರೆ ಬೇಲ್ ತಂತಿಯ ತುದಿಯಲ್ಲಿ ದಾರ ಹಾದುಹೋಗುವ ಆ ಸಣ್ಣ ಗಾಲಿ. ರಾಡಿ ನೀರು ಕುಡಿದ ದಾರ ಇಡೀ ದಿನ ಅದರ ಮೇಲೇ ಹರಿಯುತ್ತದೆ, ಎರೆಮಣ್ಣಿನ ನುಣುಪು ಪುಡಿ ಮೊದಲು ಹೋಗಿ ಕೂರುವುದೂ ಅಲ್ಲೇ. ಎರಡೂ ಸಲ ಒಂದೇ ಸದ್ದು ಬಂದರೆ ಗೇರ್ ಡಬ್ಬಿ ಬಿಚ್ಚಬೇಕು.

ತೊಳೆಯಲು ಚಿಮಣಿ ಎಣ್ಣೆ ಸಿಕ್ಕರೆ ಸಾಕು. ಬಿಳಿ ಬಟ್ಟೆ ಹಾಸಿದ ತಾಟಿನ ಮೇಲೆ ಬಿಚ್ಚು, ಒಂದೊಂದು ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ ಹೊಡೆದುಕೋ. ಗೇರ್‌ನ ಹಳೇ ಗ್ರೀಸನ್ನು ಹಲ್ಲುಜ್ಜುವ ಬ್ರಷ್‌ನಿಂದ ಪೂರ್ತಿ ತೆಗಿ. ಹೊಸದನ್ನು ಹಲ್ಲುಗಳ ಮೇಲೆ ತೆಳ್ಳಗೆ ಸವರಿದರೆ ಸಾಕು, ಡಬ್ಬಿ ತುಂಬಬಾರದು. ಲಾರಿಗೆ ಹಾಕುವ ಹಳದಿ ಗ್ರೀಸ್ ಈ ಸಣ್ಣ ಗೇರ್‌ಗೆ ಬಹಳ ಗಟ್ಟಿ, ರೀಲ್ ಗ್ರೀಸಿನ ಸಣ್ಣ ಟ್ಯೂಬೇ ತಗೋ. ಬೇರಿಂಗ್‌ಗೆ ಹೊಲಿಗೆ ಮಷಿನ್ ಎಣ್ಣೆ, ಒಂದೇ ಹನಿ.

ಹಿಡಕಲ್ ದಂಡೆ, ಬೆಳಗಾವಿ

ಕಾಕಾ ಹೇಳಿದ್ದು ಎಲ್ಲ ಸರಿ, ಚಿಮಣಿ ಎಣ್ಣೆ ಬಗ್ಗೆ ಮಾತ್ರ ಒಂದು ಮಾತು. ಅದು ಒಣಗಿದ ಮೇಲೂ ಸಣ್ಣ ಜಿಡ್ಡು ಬಿಡುತ್ತದೆ. ಗೇರ್‌ಗೆ ನಡೆಯುತ್ತದೆ. ಬೇರಿಂಗ್ ಅನ್ನು ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ಸಲ ತೊಳೆಯಿರಿ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ಒರೆಸಲು ಇಟ್ಟುಕೊಂಡಿರುತ್ತಾರೆ, ಐಪಿಎ ಅಂತ ಕೇಳಿ. ಬಿಗಿ ಮುಚ್ಚಳದ ಸಣ್ಣ ಗಾಜಿನ ಬಾಟಲಿಯಲ್ಲಿ ಬೇರಿಂಗ್ ಹಾಕಿ ಅಲ್ಲಾಡಿಸಿ, ಕಪ್ಪು ಬರುವುದು ನಿಲ್ಲುವ ತನಕ ದ್ರವ ಬದಲಿಸಿ. ಪಕ್ಕದ ತಗಡಿನ ಮುಚ್ಚಳಕ್ಕೆ ತಂತಿಯ ಉಂಗುರ ಇದ್ದರೆ ಸೂಜಿಯಿಂದ ಎಬ್ಬಿಸಿ ತೆಗೆಯಬಹುದು. ಉಂಗುರ ಇಲ್ಲದಿದ್ದರೆ ಅದು ಒತ್ತಿ ಕೂರಿಸಿದ್ದು, ಕೆದಕಬೇಡಿ. ಐಪಿಎ ಕೂಡ ಬೇಗ ಹೊತ್ತಿಕೊಳ್ಳುತ್ತದೆ, ಗ್ಯಾಸ್ ಒಲೆ ಹತ್ತಿರ ಬೇಡ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಹಿಡಿಕೆ ತಿರುಗಿಸಿದಾಗ ಸ್ಪೂಲ್ ಸುತ್ತ ತಿರುಗುವ ಭಾಗ ರೋಟರ್, ಅದರ ಕೆಳಗೆ ಒನ್‌ವೇ ಕ್ಲಚ್ ಇರುತ್ತದೆ, ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವುದು ಅದೇ. ನೋಡಲು ಬೇರಿಂಗ್ ಹಾಗೇ ಇದೆ, ಒಳಗೆ ಮಾತ್ರ ಗುಂಡಿನ ಬದಲು ಸಣ್ಣ ಕಡ್ಡಿಗಳು. ಅದಕ್ಕೆ ಗ್ರೀಸ್ ಹಚ್ಚಲೇಬೇಡಿ. ನಾನು ಹಚ್ಚಿದ್ದೆ. ಹಿಡಕಲ್ ಡ್ಯಾಮ್ ದಂಡೆಯಲ್ಲಿ ದೊಡ್ಡ ಕಾಟ್ಲಾ ಕಚ್ಚಿ ಎಳೆದ ಕೂಡಲೇ ಕಡ್ಡಿಗಳು ಜಾರಿದವು, ಹಿಡಿಕೆ ರಪ್ ಅಂತ ಹಿಂದಕ್ಕೆ ತಿರುಗಿ ಬೆರಳ ಗೆಣ್ಣಿಗೆ ಬಡಿಯಿತು, ದಾರ ಸಡಿಲಾಗಿ ಮೀನೂ ಹೋಯಿತು. ಗೆಣ್ಣು ಎರಡು ವಾರ ನೀಲಿಯಾಗಿತ್ತು. ನಿಮ್ಮ ಕುಸುಬಿ ಎಣ್ಣೆ ಅಲ್ಲಿಗೂ ಇಳಿದಿರಬಹುದು, ಅದನ್ನೂ ಐಪಿಎಯಲ್ಲಿ ತೊಳೆಯಿರಿ, ಒಣಗಿದ ಮೇಲೆ ಸೂಜಿ ಮೊನೆಯಿಂದ ತೆಳು ಎಣ್ಣೆ ತಾಗಿಸಿ, ಅಷ್ಟೇ. ರೋಟರ್ ನಟ್ ಕೆಲವು ರೀಲ್‌ಗಳಲ್ಲಿ ಉಲ್ಟಾ ಥ್ರೆಡ್ ಇರುತ್ತದೆ, ಬರಲಿಲ್ಲ ಅಂತ ಜೋರು ಮಾಡಬೇಡಿ.

ಹಿನ್ನೀರ ಗಾಳ, ಬಾಗಲಕೋಟೆ

ಕಾಕಾ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಬಿಚ್ಚಿದೆ. ತಮ್ಮನಿಗೆ ದಾರ ಹಿಡಿಯಲು ಹೇಳಿ ನೋಡಿದೆ, ಕಾಕಾ ಹೇಳಿದ ಹಾಗೆ ಭಾರ ಬಿದ್ದಾಗಲೇ ಸದ್ದು. ಲೈನ್ ರೋಲರ್ ಬೇರಿಂಗ್ ತೊಳೆದಾಗ ಬಾಟಲಿ ತಳದಲ್ಲಿ ಕಪ್ಪು ಪುಡಿಯ ಜೊತೆ ಉಸುಕಿನ ಒಂದು ಕಣ ಕೂತಿತ್ತು, ಟಾರ್ಚ್ ಬಿಟ್ಟರೆ ಹೊಳೆಯುತ್ತಿತ್ತು. ಇಷ್ಟೆಲ್ಲ ಮಾಡಿದ್ದು ಅದೊಂದು ಕಣ. ಗೇರ್ ಹಲ್ಲುಗಳು ಚೆನ್ನಾಗಿವೆ, ಅಂಟು ಮಾತ್ರ ಜೇನುಮೇಣದ ಹಾಗೆ ಹಿಡಿದಿತ್ತು.

ಎರಡು ಪ್ರಶ್ನೆ ಉಳಿದಿವೆ. ತೊಳೆದ ಬೇರಿಂಗ್‌ಗಳನ್ನು ಪೆನ್ಸಿಲ್‌ಗೆ ಸಿಕ್ಕಿಸಿ ತಿರುಗಿಸಿದರೆ ಮೊದಲಿಗಿಂತ ಜಾಸ್ತಿ ಸದ್ದು ಬರುತ್ತಿದೆ, ಕೆಟ್ಟವಾ? ಎಲ್ಲ ಜೋಡಿಸಿದ ಮೇಲೆ ತಾಟಿನಲ್ಲಿ ಕಾಗದದಷ್ಟು ತೆಳುವಾದ ಒಂದು ವಾಷರ್ ಉಳಿದಿದೆ. ಹಿಡಿಕೆ ತಿರುಗುತ್ತಿದೆ, ಹಾಗೇ ಬಿಡಲಾ? ಭಾನುವಾರ ಹೋಗಬೇಕು ಅಂದುಕೊಂಡಿದ್ದೇನೆ.

ಹಿಡಕಲ್ ದಂಡೆ, ಬೆಳಗಾವಿ

ಒಣ ಬೇರಿಂಗ್ ಸದ್ದು ಮಾಡಿಯೇ ಮಾಡುತ್ತದೆ, ಎಣ್ಣೆ ಬಿಟ್ಟ ಮೇಲೆ ನಿಲ್ಲುತ್ತದೆ. ಕಿವಿ ಬಿಟ್ಟು ಬೆರಳಿನಿಂದ ನೋಡಿ, ಮೆಲ್ಲಗೆ ತಿರುಗಿಸಿದಾಗ ಒಂದೇ ಜಾಗದಲ್ಲಿ ತಡೆದು ತಡೆದು ಹೋದರೆ ಅದು ಮುಗಿಯಿತು. ಆಗ ವರ್ನಿಯರ್‌ನಲ್ಲಿ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಅಳೆದು ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ನನ್ನ ರೀಲ್‌ನ ಗೇರ್ ಬೇರಿಂಗ್ 7×11×3 ಇತ್ತು, ಅಂಗಡಿಯಲ್ಲೇ ಸಿಕ್ಕಿತು.

ಮಗ್ಗದ ಫಿಟ್ಟರ್, ಬನಹಟ್ಟಿ

ಬಿಡಬೇಡ ತಮ್ಮಾ. ಅಷ್ಟು ತೆಳು ವಾಷರ್ ಇರುವುದು ಹೆಚ್ಚಾಗಿ ದೊಡ್ಡ ಗೇರ್ ಮತ್ತು ಅದರ ಬೇರಿಂಗ್ ನಡುವೆ. ಆ ಗೇರ್ ತನ್ನ ಜೊತೆ ಹಲ್ಲು ಕೂಡುವ ಸಣ್ಣ ಗೇರ್, ಅಂದರೆ ಪಿನಿಯನ್‌ಗೆ ಎಷ್ಟು ಹತ್ತಿರ ಕೂರಬೇಕು ಅನ್ನುವುದನ್ನು ಕಾಯುವುದು ಅದೇ. ಹಿಡಿಕೆಯನ್ನು ಹಿಡಿದು ಅಡ್ಡಕ್ಕೆ ಎಳೆದು ನೂಕಿ ನೋಡು, ಕಟಕಟ ಆಡಿದರೆ ವಾಷರ್ ಅಲ್ಲಿಯದೇ. ಈಗ ತಿರುಗುತ್ತದೆ, ಆದರೆ ಮೀನು ಬಿದ್ದಾಗ ಹಲ್ಲಿನ ತುದಿ ತುದಿ ಮಾತ್ರ ತಾಗಿ ಸವೆಯುತ್ತದೆ, ಆಮೇಲೆ ಗೇರ್ ಜೋಡಿಯನ್ನೇ ಬದಲಿಸಬೇಕು. ಫೋಟೋ ತೆಗೆದಿದ್ದೀಯಲ್ಲ, ಹಿಂದಿನಿಂದ ಒಂದೊಂದೇ ನೋಡುತ್ತಾ ಬಾ, ಯಾವ ಕಡೆ ಇತ್ತು ಅಂತ ಕಾಣುತ್ತದೆ. ಸಿಗದಿದ್ದರೆ ಫೋಟೋ ಇಲ್ಲೇ ಹಾಕು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಭಾನುವಾರ ರೀಲ್ ಮನೆಯಲ್ಲೇ ಇರಲಿ, ಕೈಗಾಳ ತಗೊಂಡು ಹೋಗು.